ಅಂಗಳ ದಾಟದ ಮದುಮಗ

"ಗುಪ್ತಚರರ ಎಚ್ಚರಿಕೆ, ನೆರೆಯ ದೇಶದಿಂದ ಯಾವ ಕ್ಷಣದಲ್ಲಾದರೂ ದಾಳಿ" ಎಂದು ಟಿವಿ ಅರಚುತ್ತಿದ್ದಾಗ ನಮ್ಮ ಅಂಗಳದಲ್ಲಿ ಚಪ್ಪರದ ಕಂಬ ನೆಡುತ್ತಿದ್ದರು. ತಮ್ಮನ ಮದುವೆಗೆ ಎರಡೇ ದಿನ. ಅವನು ಸೈನ್ಯದಿಂದ ರಜೆಯ ಮೇಲೆ ಬಂದಿದ್ದ. ರಜೆ ರದ್ದಾಯಿತೋ, ಮದುವೆಯೂ ನಿಂತಂತೆಯೇ.

ಎಚ್ಚರಿಕೆ ನಮಗೇನೂ ಹೊಸದಲ್ಲ. ನಮ್ಮ ಹೆತ್ತೂರಿನ ಕಡೆ ಆನೆ ಯಾವ ತೋಟದಲ್ಲಿದೆ ಎಂದು ದಿನಾ ಫೋನಿಗೆ ಸಂದೇಶ ಬರುತ್ತದೆ. ಅದನ್ನು ನೋಡಿಕೊಂಡೇ ನಾವು ಕೆಲಸಕ್ಕೆ ಇಳಿಯುವುದು. ನೋಡಬೇಕಾದರೆ ಮಾತ್ರ ಕಾಫಿ ಸ್ಟೋರ್ ಹಿಂದಿನ ಬಂಡೆ ಹತ್ತಬೇಕು, ಮನೆಯಲ್ಲಿ ಸಿಗ್ನಲ್ ಇಲ್ಲ. ತಮ್ಮ ಫೋನ್ ಹಿಡಿದು ಬಂಡೆಯತ್ತ ಹೊರಟಿದ್ದೇ ತಡ, ಅವ್ವ ಅರಿಶಿನದ ಬಟ್ಟಲು ತಂದು ಅವನ ಎರಡೂ ಕೆನ್ನೆಗೆ ಮೆತ್ತಿಬಿಟ್ಟಳು.

"ಅರಿಶಿನ ಬಿದ್ಮೇಲೆ ಮದುಮಗ ಅಂಗಳ ದಾಟಂಗಿಲ್ಲ. ಗೊತ್ತೈತಲ್ಲ?"

"ಅರಿಶಿನದ ಶಾಸ್ತ್ರ ನಾಳೆ ಕಣವ್ವ!" ಎಂದೆ.

"ಇವತ್ತೇ ಆಗ್ಬುಡ್ತು. ನೀನು ಬಾಯಿ ಮುಚ್ಕೊಂಡಿರು."

ಅವನ ಫೋನು ಅಕ್ಕಿ ಡ್ರಮ್ಮಿಗೆ ಹೋಯಿತು. ಆದೇಶ ಕೈಗೆ ಸಿಗದಿದ್ದರೆ ಬಂದಂತೆಯೇ ಅಲ್ಲ, ಇದು ಅವ್ವನ ಕಾನೂನು. ತಮ್ಮ ಏನೋ ಹೇಳಲು ಬಾಯಿ ತೆರೆದರೆ ಅವ್ವ ಅದಕ್ಕೊಂದು ಬೆಲ್ಲದ ಚೂರು ತುರುಕಿದಳು. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಮಾರನೆಯ ದಿನ ಕುಂದೂರಿನಿಂದ ಹೆಣ್ಣಿನ ಅಪ್ಪ ಬಂದರು. "ಮಧ್ಯಾಹ್ನದ ಮುಹೂರ್ತ ಬೇಡ, ಬೆಳಿಗ್ಗೇದೇ ಇರ್ಲಿ ಅಂತ ಮಗಳು ಹಟ ಹಿಡಿದವ್ಳೆ. ಯಾಕೆ ಅಂದ್ರೆ ಹೇಳಾಕಿಲ್ಲ" ಎಂದರು. ಅವ್ವನಿಗೆ ಸ್ವರ್ಗವೇ ಸಿಕ್ಕಂತಾಯಿತು. ಅಡುಗೆಯವರನ್ನು ಬೈದು, ವಾದ್ಯದವರನ್ನು ಬೈದು, ಎಲ್ಲವನ್ನೂ ಬೆಳಿಗ್ಗೆಗೆ ಎಳೆದು ತಂದಳು. ನಾನೂ ಕುಣಿದಾಡಿದೆ, ಸುಳ್ಳೇಕೆ? ಆದೇಶಕ್ಕಿಂತ ಮೊದಲೇ ತಾಳಿ ಬೀಳುತ್ತದೆ, ಗೆದ್ದೇಬಿಟ್ಟೆವು ಅನ್ನಿಸಿತ್ತು.

ಬೆಳಿಗ್ಗೆ ತಾಳಿ ಕಟ್ಟಿದ ಮೇಲೆ ನನ್ನ ಉಸಿರು ಸಲೀಸಾಯಿತು. ಅವ್ವ ತಾನೇ ಡ್ರಮ್ಮಿಗೆ ಕೈ ಹಾಕಿ, ಅಕ್ಕಿಕಾಳು ಒರೆಸಿ, ಫೋನನ್ನು ಮಗನಿಗೆ ಕೊಟ್ಟಳು. "ಈಗ ಹೋಗು, ಬಂಡೆ ಹತ್ತು. ಅದೇನು ಬರುತ್ತೋ ಬರ್ಲಿ."

ಮದುಮಗಳು ತಲೆ ಎತ್ತಿದಳು. "ಬಂಡೆ ಹತ್ತೋದೇನೂ ಬೇಡ ಅತ್ತೆ. ಮನೇಲಿ ಸಿಗ್ನಲ್ ಇಲ್ಲ ಅಂತ ಇವರು ಸೈನ್ಯದ ಆಫೀಸಿಗೆ ನನ್ನ ನಂಬರೂ ಕೊಟ್ಟಿದ್ರು. ರಜೆ ರದ್ದು ಅಂತ ಮೊನ್ನೆನೇ ಫೋನ್ ಬಂದೈತೆ. ಇವತ್ತು ಸಂಜೆ ಸಕಲೇಶಪುರದಲ್ಲಿ ರೈಲು ಹತ್ತಿದ್ರೆ ಹೇಳಿದ್ ಹೊತ್ತಿಗೆ ಹೋಗಿ ಸೇರ್ಕೋಬೋದು. ನಾನು ಕೇಳ್ಕೊಂಡಿದೀನಿ."

ವಾಲಗ ನಿಂತುಹೋಯಿತು. ಅವ್ವ ಅವಳನ್ನೇ ದಿಟ್ಟಿಸಿದಳು.

"ಗೊತ್ತಿದ್ದೂ ತಾಳಿ ಕಟ್ಟಿಸ್ಕೊಂಡ್ಯೇನೇ?"

"ಗೊತ್ತಿದ್ದಕ್ಕೇ ಅತ್ತೆ."

ಅವ್ವ ಎದ್ದು ಹೋಗಿ ಅರಿಶಿನದ ಬಟ್ಟಲು ತಂದು, ಸೊಸೆಯ ಕೆನ್ನೆಗೆ ಹಚ್ಚಿದಳು. ಆಮೇಲೆ ಮಗನ ಕೈ ಹಿಡಿದು ತಾನೇ ಅಂಗಳ ದಾಟಿಸಿದಳು.