ಬೀಗದ ಸಮೇತ ಹೋದ ಸೈಕಲ್ಲು

ಕಳೆದ ವಾರ ನಮ್ಮ ಮನೆಯ ಸೈಕಲ್ ಕಳುವಾಯಿತು. ಹಾಡಹಗಲೇ. ಬೀಗದ ಸಮೇತ. ಒಯ್ದವನು ಅದನ್ನು ತುಳಿದುಕೊಂಡು ಹೋಗಲಿಲ್ಲ, ಹೆಗಲ ಮೇಲೆ ಹೊತ್ತುಕೊಂಡು ಹೋದ. ಸಂಜೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಸಿಹಿ ಮಾದಲಿ ಬಡಿಸಿದ. ಮೇಲೆ ತುಪ್ಪವನ್ನೂ ಹಾಕಿದ.

ಇಂಥ ಕಳ್ಳನನ್ನು ನೀವೆಲ್ಲಾದರೂ ಕಂಡಿದ್ದೀರಾ?

ಮೊಮ್ಮಕ್ಕಳೇ, ಹುಬ್ಬಳ್ಳಿಯಲ್ಲಿ ಕೂತು ಇದನ್ನು ಓದುವ ನೀವು, "ಅಜ್ಜಿ ಮತ್ತ ಕಥಿ ಕಟ್ಯಾಳ" ಎನ್ನುತ್ತೀರಿ. (ಹಾಗೆ ಅಂದದ್ದು ಯಾರೆಂದು ನನಗೆ ಗೊತ್ತು. ಹೆಸರು ಬರೆಯುವುದಿಲ್ಲ.) ಇದು ಕಟ್ಟಿದ್ದಲ್ಲ. ನಾನೇ ಕಣ್ಣಾರೆ ಕಂಡದ್ದು.

ಆ ಸೈಕಲ್ ನಿಮ್ಮ ಗಿರಿಜಾ ಅತ್ತೆಯದು. ನನ್ನ ಸೊಸೆ ನರ್ಸಬಾಯಿ ಎಂಬುದು ಈ ಅಂಕಣದ ಓದುಗರಿಗೆಲ್ಲ ತಿಳಿದ ಮಾತು. ನಮ್ಮ ತಿರ್ಲಾಪುರವಲ್ಲದೆ ಸುತ್ತಲಿನ ಹಳ್ಳಿಗಳ ಹೆರಿಗೆಯೂ ಆಕೆಯದೇ. ಮೊದಲೆಲ್ಲ ನಡೆದು ಹೋಗುತ್ತಿದ್ದಳು. ಹೋಗಿ ಮುಟ್ಟುವುದರೊಳಗೆ ಎಷ್ಟೋ ಸಲ ಕೂಸು ಹುಟ್ಟಿ ಅಳುತ್ತಿರುತ್ತಿತ್ತು. ಅದೂ ಪುಣ್ಯವಿದ್ದರೆ. ಪುಣ್ಯವಿಲ್ಲದ ದಿನ ಆಕೆ ಮನೆಗೆ ಬಂದು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಅದಕ್ಕೇ ಪಗಾರ ಕೂಡಿಸಿಟ್ಟು ಹುಬ್ಬಳ್ಳಿಯಿಂದ ಲೇಡೀಸ್ ಸೈಕಲ್ ತಂದಳು. ಹಸಿರು ಬಣ್ಣ. ಡೈನಮೋ ದೀಪ. ಹಿಂದಿನ ಚಕ್ರಕ್ಕೆ ಸೀರೆ ಸಿಗದಂತೆ ಜಾಳಿಗೆ. ನಮ್ಮ ಮನೆಯಲ್ಲಿ ಅದಕ್ಕಿಂತ ಬೆಲೆ ಬಾಳುವುದು ಎತ್ತುಗಳು ಮಾತ್ರ.

ದುಬಾರಿ ವಸ್ತು ಮನೆಗೆ ಬಂದರೆ ಸಂತೋಷದ ಹಿಂದೆಯೇ ಭಯವೂ ಬರುತ್ತದಲ್ಲ? ನವಲಗುಂದದ ಪೇಟೆಯಲ್ಲಿ ಯಾರದೋ ಹೊಸ ಸೈಕಲ್ ಅರಿವೆ ಅಂಗಡಿಯ ಮುಂದಿನಿಂದ ಮಾಯವಾಯಿತೆಂಬ ಸುದ್ದಿ ಬಂತು. ಅಂದಿನಿಂದ ನನ್ನ ಮಗ ಈರಣ್ಣನಿಗೆ ನಿದ್ದೆ ಇಲ್ಲ.

"ಇದಕ್ಕ ಇನ್ಶೂರೆನ್ಸ್ ಮಾಡಸೂದು," ಎಂದ. "ಆಗಲಿಲ್ಲಂದ್ರ ಸೈಕಲ್ ಜಂತಿಗೆ ತೂಗು ಹಾಕಿಬಿಡ್ತೀನಿ. ನೀ ನವಲಗುಂದ ದವಾಖಾನಿಗೆ ಬದಲಿ ಕೇಳು. ಬಸ್ಸಿನ್ಯಾಗ ಹೋಗಿ ಬಸ್ಸಿನ್ಯಾಗ ಬಾ."

"ಹಳ್ಳದ ಆಚೀಕಿನ ಬಸರಿ ಹೆಣ್ಣಮಕ್ಕಳನ್ನೂ ಅದೇ ಬಸ್ಸಿನ್ಯಾಗ ಕರ್ಕೊಂಡು ಹೋಗ್ಲೇನು?" ಎಂದಳು ಗಿರಿಜಾ. ಅಲ್ಲಿಗೆ ಬಸ್ಸೇ ಇಲ್ಲ. ಆದರೂ ಈರಣ್ಣ ಹಟ ಬಿಡಲಿಲ್ಲ.

ಧಾರವಾಡದಿಂದ ವಿಮೆಯ ಸಾಹೇಬರು ಬಂದರು. ಟೆರಿಲಿನ್ ಪ್ಯಾಂಟು, ಮೂಗಿನ ಮೇಲೆ ಚಾಳೀಸು, ಬಹಳ ಒಳ್ಳೆಯ ಮನುಷ್ಯ. ಪಕ್ಕದ ಮನೆಯ ಹುಸೇನಬಿ ಬಾಗಿಲಲ್ಲೇ ಅವರನ್ನು ನಿಲ್ಲಿಸಿಕೊಂಡಳು.

"ಸಾಹೇಬ್ರ, ಮನಷ್ಯಾ ಸತ್ತ ಮ್ಯಾಲೆ ರೊಕ್ಕ ಕೊಡೋ ಮಂದಿ ಅಲ್ಲೇನ್ರಿ ನೀವು? ಸೈಕಲ್ ಯಾವಾಗ ಸಾಯತೈತ್ರಿ?"

"ಇದು ಬ್ಯಾರೆ ವಿಮಾರಿ. ಸಾಮಾನಿನ ವಿಮಾ."

ಅವರ ಬಳಿ ಎರಡು ಪಾಲಿಸಿ ಇದ್ದವು. ಒಂದು ಚಿಕ್ಕದು: ಮನೆಯೊಳಗಿನ ಎಲ್ಲ ಸಾಮಾನೂ ಸೇರಿ. ಬೆಂಕಿ, ಕಳ್ಳತನ, ಎಲ್ಲಕ್ಕೂ ಉಂಟು. ಸೈಕಲ್ಲೂ ಬರುತ್ತದೆ, ಆದರೆ ಮನೆಯೊಳಗೆ ಇದ್ದಾಗ ಮಾತ್ರ. ಇನ್ನೊಂದು ದೊಡ್ಡದು, ಕಂತೂ ದೊಡ್ಡದು: ಮನೆಯ ಸಾಮಾನಿನ ಜೊತೆ ಸೈಕಲ್ಲನ್ನು ಬೇರೆಯಾಗಿ ಹೆಸರಿಸಿ ಬರೆಯುವುದು. ಅದು ಎಲ್ಲಿದ್ದರೂ ನಡೆಯುತ್ತದೆ. ಆದರೆ ಬೀಗ ಹಾಕಿರಬೇಕು. ಬೇರೆಯವರ ಕೈಗೆ ಕೊಡಬಾರದು.

ಈರಣ್ಣನಿಗೆ ಚಿಕ್ಕದೇ ಸಾಕೆನಿಸಿತು. ಸೈಕಲ್ ಮನೆಯೊಳಗೇ ಇರುತ್ತದಲ್ಲ!

"ಎಲ್ಲಿ ಇಡತೀರಿ ತೋರಸ್ರಿ," ಎಂದರು ಸಾಹೇಬರು.

ನಮ್ಮ ಮನೆ ನಿಮಗೆ ಗೊತ್ತೇ ಇದೆ. ತಲೆಬಾಗಿಲು ದಾಟಿದರೆ ಮೊದಲು ಎತ್ತುಗಳು. ಒಂದು ಕಟ್ಟೆ ಏರಿದರೆ ಪಡಸಾಲೆ, ಅಲ್ಲಿ ನಾವು. ಸೈಕಲ್ ನಿಲ್ಲುತ್ತಿದ್ದುದು ಎತ್ತುಗಳ ಬಾಜೂಕೆ. ಸಾಹೇಬರು ಅಲ್ಲೇ ನಿಂತುಬಿಟ್ಟರು.

"ಇದು ಕೊಟ್ಟಿಗಿ. ಮನಿ ಅಲ್ಲ."

"ಅಲ್ರಿ, ಬಾಗಲಾ ಇಲ್ಲೇ ಐತಲ್ರಿ!" ಎಂದ ಈರಣ್ಣ. "ಬಾಗಲದ ಒಳಗ ಬಂದ ಮ್ಯಾಲೆ ಮನೀನ ಅಲ್ಲೇನ್ರಿ?"

"ಮಂದಿ ಇರೂ ಜಾಗಾಕ್ಕ ಮನಿ ಅಂತಾರ."

"ಎತ್ತು ನಮ್ಮ ಮಂದೀನ ಅದಾವ್ರಿ," ಎಂದಳು ಹುಸೇನಬಿ, ಕರೆಯದೆ ಒಳಗೆ ಬಂದು. "ಆತು, ಇವರ ಜ್ವಾಳದ ಹಗೇವು ನೆಲದ ಕೆಳಗ ಐತಿ. ಅದು ಮನಿಯೊಳಗೋ ಹೊರಗೋ? ಭೂಮಿ ಒಳಗ ಐತ್ರಿ. ಇನ್ನೆಷ್ಟ ಒಳಗ ಬೇಕು ನಿಮಗ?"

ಸಾಹೇಬರು ಚಾಳೀಸು ತೆಗೆದು ಒರೆಸಿಕೊಂಡರು. ಓಣಿಯ ಅರ್ಧ ಮಂದಿ ಸೇರಿದ್ದರು. ಮನೆ ಎಲ್ಲಿ ಸುರುವಾಗುತ್ತದೆ ಎಂಬುದನ್ನು ಅಂದು ಯಾರಿಗೂ ಹೇಳಲಾಗಲಿಲ್ಲ. ನೀವೇ ಹೇಳಿರಿ ನೋಡೋಣ, ನಿಮ್ಮ ಮನೆ ಎಲ್ಲಿಂದ ಸುರುವಾಗುತ್ತದೆ? ಚಪ್ಪಲಿ ಬಿಡುವಲ್ಲಿಂದಲೋ, ಚಪ್ಪಲಿ ಬಿಟ್ಟ ಮೇಲೋ?

ಕೊನೆಗೆ ಸಾಹೇಬರು, "ಯಾವ ಪಾಲಿಸಿ ಅಂತ ವಿಚಾರ ಮಾಡಿಡ್ರಿ. ಮುಂದಿನ ವಾರ ಬರ್ತೀನಿ. ಅಲ್ಲೀತನಕ ಬೀಗ ಹಾಕೂದು ರೂಢಿ ಮಾಡ್ಕೋರಿ," ಎಂದು ಹೇಳಿ ಹೋದರು.

ಬೀಗ ಬಂತು. ಚಕ್ರಕ್ಕೆ ಹಾಕುವ ಸರಪಳಿ ಬೀಗ. ನಮ್ಮ ಓಣಿಯಲ್ಲಿ ಮನೆಗೇ ಯಾರೂ ಹಗಲು ಬೀಗ ಹಾಕುವುದಿಲ್ಲ. "ನಮ್ಮ ಮ್ಯಾಲೆ ಸಂಶೆ ಬಂತೇನಕ್ಕಾ?" ಎಂದು ಹುಸೇನಬಿ ಎರಡು ಹೊತ್ತು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. (ಮೂರನೆಯ ಹೊತ್ತಿಗೆ ಕೊತ್ತಂಬರಿ ಬೇಡಲು ಬಂದಳು.)

ಸಾಹೇಬರು ಮತ್ತೆ ಬರಬೇಕಾದ ದಿನವೇ ಅದು ನಡೆಯಿತು.

ಗಿರಿಜಾ ಚೀಲ ಹಿಡಿದು ಮುಂದಿನ ಓಣಿಗೆ ಗಾಯ ಕಟ್ಟಲು ಹೋಗಿದ್ದಳು. ಸಮೀಪವೇ, ಅದಕ್ಕೆ ನಡೆದೇ ಹೋದಳು. ಈರಣ್ಣ ಸಾಹೇಬರನ್ನು ಕರೆತರಲು ಬಸ್ಸಿನ ಕಡೆ ಹೋಗಿದ್ದ. ನಾನು ಬೀಗ ಹಾಕದೆ ಬಾಗಿಲು ಮುಂದೆ ಮಾಡಿ ಗಿರಣಿಗೆ ಹೋದೆ. ಹಿಟ್ಟು ಹೊತ್ತು ಬಂದು ನೋಡುತ್ತೇನೆ, ಎತ್ತುಗಳ ಬಾಜೂಕೆ ಸೈಕಲ್ ಇಲ್ಲ! ಅದು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಹಳೆಯ ಟವೆಲ್ ಬಿದ್ದಿತ್ತು.

ಈರಣ್ಣ ಬಂದ, ಸಾಹೇಬರೂ ಬಂದರು. ಈರಣ್ಣ ತಲೆ ಮೇಲೆ ಕೈ ಹೊತ್ತು ಕೂತ. ನಂತರ ಎದ್ದು ಒಂದು ಕಡ್ಡಿಯಿಂದ ಟವೆಲ್ ಎತ್ತಿ ಹಿಡಿದ.

"ಯಾರೂ ಮುಟ್ಟಬ್ಯಾಡ್ರಿ. ಕಳ್ಳಾ ಬಿಟ್ಟು ಹೋಗ್ಯಾನ. ಪೊಲೀಸರಿಗೆ ಕೊಡೂದೈತಿ."

"ಛೇ ಛೇ," ಎಂದರು ಸಾಹೇಬರು. "ಹೋದ ವಾರ ಸಹಿ ಮಾಡಿದ್ದರ..."

ಗಿರಿಜಾ ಬಂದಳು. ಖಾಲಿ ಜಾಗ ನೋಡಿದಳು. ಮಕ್ಕಳೇ, ಆಕೆಯ ಆ ಮುಖ ನೋಡಲು ನನಗಾಗಲಿಲ್ಲ. ಕಣ್ಣು ಬೇರೆ ಕಡೆ ಹೊರಳಿಸಿದೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ಟವೆಲ್ಲಿನ ತುದಿ. ಅಲ್ಲೊಂದು ಗಂಟು.

ಗಂಡಸರ ನಡುವೆ ಬಾಯಿ ಹಾಕುವ ರೂಢಿ ನನಗಿಲ್ಲ. ಸುಮ್ಮನೆ ಹೋಗಿ ಕಡ್ಡಿಯಿಂದ ಟವೆಲ್ ಇಳಿಸಿಕೊಂಡು ಗಂಟು ಬಿಚ್ಚಿದೆ.

"ಯವ್ವಾ! ಪೊಲೀಸರಿಗೆ..." ಎಂದ ಈರಣ್ಣ.

ಗಂಟಿನಲ್ಲಿ ಎರಡು ಎಲೆ, ಒಂದು ಅಡಿಕೆ, ಒಂದು ಅರಿಷಿಣದ ಕೊಂಬು.

ನಮ್ಮ ಕಾಲದಲ್ಲಿ ಸೂಲಗಿತ್ತಿಯನ್ನು ಕರೆಯುವ ಪದ್ಧತಿಯೇ ಅದು. ಬರಿಗೈಯಲ್ಲಿ ಹೋಗುವಂತಿರಲಿಲ್ಲ. ಟವೆಲ್ಲಿನ ತುದಿಗೆ ಎಲೆ, ಅಡಿಕೆ, ಅರಿಷಿಣ ಕಟ್ಟಿ ತಂದು ಆಕೆಯ ಮುಂದೆ ಇಡಬೇಕು. ಆಕೆ ಮನೆಯಲ್ಲಿಲ್ಲವೋ, ಹೊಸ್ತಿಲ ಒಳಗೆ ಇಟ್ಟು, ಆಕೆಯ ಚೀಲವನ್ನೋ ಕಂಬಳಿಯನ್ನೋ ಹೊತ್ತುಕೊಂಡು ಮುಂದೆ ನಡೆಯಬೇಕು. ಆಕೆಯ ಭಾರ ನಮ್ಮದು ಎಂದು ಅದರ ಅರ್ಥ. ಆಕೆ ಹಿಂದಿನಿಂದ ಬರುತ್ತಾಳೆ. ಗಿರಿಜಾಳ ಚೀಲ ಆಕೆಯ ಕೈಯಲ್ಲೇ ಇತ್ತು. ಮತ್ತೇನು ಹೊರಬೇಕು ಪಾಪ?

"ಗಿರಿಜಾ, ಹಳ್ಳದ ಆಚೀಕ ದಿನಾ ತುಂಬಿದಾಕಿ ಯಾರದಾರ?" ಎಂದೆ.

"ಫಕೀರಪ್ಪನ ಹೇಂತಿ!" ಎಂದವಳೇ ಚೀಲ ಎತ್ತಿಕೊಂಡು ಹೊರಬಿದ್ದಳು. ಕೈಗೊಬ್ಬರು ಬೇಕಾಗುತ್ತದೆಂದು ನಾನೂ ಹಿಂದೆ ನಡೆದೆ. ಈರಣ್ಣ ಸೈಕಲ್ಲಿಗಾಗಿ ಬಂದ. ಸಾಹೇಬರು, "ಕಣ್ಣಿಲೆ ನೋಡಬೇಕು. ಇಂಥಾ ಕೇಸು ನಮ್ಮ ಆಫೀಸಿನಾಗ ಬಂದಿಲ್ಲ," ಎನ್ನುತ್ತ ಬಂದರು.

ಹಿಂದಿನ ದಿನ ಮಳೆಯಾಗಿತ್ತು. ನಮ್ಮ ಎರೆ ಮಣ್ಣು ನಿಮಗೆ ಗೊತ್ತಲ್ಲ? ಚಕ್ರಕ್ಕೆ ಹತ್ತಿದರೆ ಮಡ್‌ಗಾರ್ಡಿನೊಳಗೆ ತುಂಬಿಕೊಂಡು ಸೈಕಲ್ ಮುಂದೆ ಹೋಗುವುದಿಲ್ಲ, ಹಿಂದೆಯೂ ಬರುವುದಿಲ್ಲ. ಸಾಹೇಬರ ಬೂಟು ಹಳ್ಳದ ದಂಡೆಯಲ್ಲೇ ಕೈಗೆ ಬಂತು. ಟೆರಿಲಿನ್ ಪ್ಯಾಂಟು ಮೊಣಕಾಲಿನವರೆಗೆ ಕಪ್ಪಾಯಿತು. ದಾರಿಯುದ್ದಕ್ಕೂ ಒಬ್ಬನೇ ಮನುಷ್ಯನ ಹೆಜ್ಜೆ, ಆಳವಾಗಿ ಊರಿದ ಹೆಜ್ಜೆ. ಚಕ್ರದ ಗುರುತು ಎಲ್ಲೂ ಇಲ್ಲ.

ಫಕೀರಪ್ಪನ ಮನೆ ಮುಟ್ಟಿದಾಗ ಸೈಕಲ್ ಪಡಸಾಲೆಯಲ್ಲಿ ಕಂಬಳಿಯ ಮೇಲೆ ನಿಂತಿತ್ತು. ಒರೆಸಿ ಫಳಫಳ ಮಾಡಿದ್ದರು. ಹ್ಯಾಂಡಲ್ಲಿಗೆ ಕುಂಕುಮ. ಚಕ್ರಕ್ಕೆ ಬೀಗ ಹಾಕಿದ್ದು ಹಾಗೇ ಇತ್ತು.

"ಬಂದ್ರಿ ತಾಯಿ!" ಎಂದು ಫಕೀರಪ್ಪ ಕೈಮುಗಿದ. ಹೆಗಲು ಕೆಂಪಾಗಿ ಬಾತಿತ್ತು. "ರಾಡ್ಯಾಗ ನಿಮ್ಮ ಗಾಡಿ ಕೆಡತೈತಂತ ಹೊತ್ಕೊಂಡ ಬಂದೆ. ಬೀಗ ಬ್ಯಾರೆ ಹಾಕಿದ್ರಿ, ಚಲೋ ಆತು. ಹೆಗಲ ಮ್ಯಾಲೆ ಚಕ್ರಾ ತಿರಗಲಿಲ್ಲ."

ಈರಣ್ಣ ಬೈಯಲೆಂದು ಬಾಯಿ ತೆರೆದ. ಒಳಗಿನಿಂದ ನರಳುವುದು ಕೇಳಿತು. ಬಾಯಿ ಮುಚ್ಚಿದ.

ಗಿರಿಜಾ ಒಳಗೆ ಹೋದಳು. ನೀರು ಕಾಯಿಸುವುದು, ಅರಿವೆ ಹಿಂಡುವುದು ನನ್ನ ಕೆಲಸ. ಕೂಸು ಅಡ್ಡ ಬಿದ್ದಿತ್ತು. ಗಿರಿಜಾ ಹಣೆಯ ಬೆವರನ್ನೂ ಒರೆಸಿಕೊಳ್ಳದೆ ಹೊಟ್ಟೆಯ ಮೇಲಿಂದ ಕೂಸನ್ನು ಮೆಲ್ಲಗೆ ತಿರುಗಿಸಿದಳು. ಹೊರಗೆ ಗಂಡಸರು ಸೈಕಲ್ಲಿನ ಸುತ್ತ ಕೂತಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ಏನು ಗಂಟಲು ಅದರದು! ಅವರ ಎತ್ತುಗಳು ಬೆದರಿ ಎದ್ದು ನಿಂತವು. ತಾಯಿ ಸುಖವಾಗಿದ್ದಳು. ಗಿರಿಜಾ ಗೋಡೆಗೆ ಒರಗಿ ನಕ್ಕಳು. ಆ ನಗು ನೋಡಲೆಂದೇ ನಾನು ಎರಡು ಊರು ನಡೆಯಬಲ್ಲೆ.

ಫಕೀರಪ್ಪನ ತಾಯಿ ಮಾದಲಿ ಬಡಿಸಲು ಮಗನಿಗೇ ಹೇಳಿದಳು. ಆಗ ಪಾಲಿಸಿಯ ಮಾತು ಬಂತು.

"ನಮ್ಮ ಕಾನೂನಿನ ಪ್ರಕಾರ ಇದು ಕಳುವಾತ್ರಿ," ಎಂದರು ಸಾಹೇಬರು, ಕಳ್ಳನ ಕೈಯಿಂದಲೇ ತುಪ್ಪ ಹಾಕಿಸಿಕೊಳ್ಳುತ್ತ. "ಒಡೆಯರಿಗೆ ಹೇಳದ ಒಯ್ದಾನ."

"ಎಲಿ ಅಡಿಕಿ ಇಟ್ಟು ಹೇಳೇನಲ್ರಿ!" ಎಂದ ಫಕೀರಪ್ಪ.

"ಏನರೆ ಇರಲಿ. ನಾ ಸೈಕಲ್ ಜಂತಿಗೆ ಕಟ್ಟಾಂವನ," ಎಂದ ಈರಣ್ಣ. "ಚಿಕ್ಕ ಪಾಲಿಸಿ ಸಾಕು. ಮನಿಯೊಳಗ ಇರ್ಲಿ."

ಗಿರಿಜಾಳ ಕೈಯ ತುತ್ತು ಅಲ್ಲೇ ನಿಂತಿತು. ಒಳಗೆ ಕೂಸು ಚೀಪುತ್ತಿತ್ತು. ಆಗ ನಾನು ಮಾತಾಡಿದೆ. ಮಗನ ಮುಖ ನೋಡಿಯೇ ಮಾತಾಡಿದೆ.

"ಈರಣ್ಣಾ, ಎತ್ತಿನ ಬಾಜೂ ಇದ್ದಾಗ ನಿನ್ನ ಸೈಕಲ್ ಯಾರು ಒಯ್ದಾರು? ಎಲಿ ಅಡಿಕಿ ಇಡೋ ಮಂದಿ ಒಯ್ದಾರು, ಒರೆಸಿ ಕೊಟ್ಟಾರು. ತಿಂಗಳ ಮೀಟಿಂಗಿಗೆ ಗಿರಿಜಾ ನವಲಗುಂದಕ್ಕ ಹೋಗ್ತಾಳ. ಮುಂಜಾನಿಂದ ಸಂಜೀತನಕ ಅದು ದವಾಖಾನಿ ಹೊರಗ ಗುರ್ತಿಲ್ಲದ ಮಂದ್ಯಾಗ ನಿಂತಿರತೈತಿ. ಅಂಜಿಕಿ ಅಲ್ಲಿ ಐತಿ. ಅಂಜಿಕಿ ಇಲ್ಲದಲ್ಲಿ ಪಾಲಿಸಿ ಮಾಡಸ್ತೀಯೇನು?"

ನನಗೇ ನನ್ನ ದನಿ ಕೇಳಿ ಗಾಬರಿಯಾಯಿತು.

"ತಾಯಿ ಹೇಳಿದ್ದು ಖರೇ ಅದ," ಎಂದರು ಸಾಹೇಬರು.

ಇದು ನಮ್ಮನೆಯ ಮಾತಷ್ಟೇ ಅಲ್ಲ. ನಾವೆಲ್ಲ ಕಣ್ಣೆದುರಿಗಿರುವ ಪೆಟ್ಟಿಗೆಗೇ ಬೀಗದ ಮೇಲೆ ಬೀಗ ಹಾಕುತ್ತೇವೆ. ದಿನವಿಡೀ ಹೊರಗೆ ಓಡಾಡುವ ವಸ್ತುವಿನ ಚಿಂತೆ ಮಾಡುವುದಿಲ್ಲ, ಅಥವಾ ಚಿಂತೆಯಾದರೆ ಅದು ಹೊರಗೆ ಹೋಗುವುದನ್ನೇ ನಿಲ್ಲಿಸುತ್ತೇವೆ. ಜಂತಿಗೆ ಕಟ್ಟಿದ ಸೈಕಲ್ ಕಳುವಾಗುವುದಿಲ್ಲ, ನಿಜ. ಆದರೆ ಅದು ಆಮೇಲೆ ಸೈಕಲ್ ಆಗಿಯಾದರೂ ಉಳಿಯುತ್ತದೆಯೇ?

"ಬ್ಯಾರೆಯವರ ಕೈಗೆ ಕೊಡಬಾರದು ಅಂದ್ರೆಲ್ರಿ," ಎಂದಳು ಗಿರಿಜಾ. "ರಾಡ್ಯಾಗ ಇವರೇ ಸೈಕಲ್ ಹೊರಬೇಕಾಗತೈತಿ. ಅದಕ್ಕೇನು?"

ಸಾಹೇಬರು ಕೈ ಒರೆಸಿಕೊಂಡು ಪಾಲಿಸಿಯ ಕಾಗದ ತೆಗೆದು ನೋಡಿದರು. "ನೀವು ಜೋಡಿ ಇದ್ದಾಗ ಹೊತ್ತರ ಅದು ಕೊಟ್ಟಂಗ ಅಲ್ಲ. ನೀವು ಇಲ್ಲದಾಗ ಹೊರಬಾರದು. ಮನಿಯಾಗ ಇಟ್ಟಾಗ ಕಂಬಕ್ಕ ಸರಪಳಿ ಬಿಗೀರಿ. ಅಷ್ಟ ಮಾಡ್ರಿ, ಬಾಕಿ ನಾ ಆಫೀಸಿನಾಗ ಕೇಳಿ ಬರಸ್ತೀನಿ."

ಈರಣ್ಣ ದೊಡ್ಡ ಪಾಲಿಸಿಗೇ ಸಹಿ ಹಾಕಿದ. ಫಕೀರಪ್ಪ ಗಿರಿಜಾಳ ಜೊತೆಗೇ ನಡೆದು ಸೈಕಲ್ ಹೊತ್ತು ಮನೆಗೆ ಮುಟ್ಟಿಸಿದ. ಸಾಹೇಬರು ಈರಣ್ಣನ ಧೋತರ ಉಟ್ಟುಕೊಂಡು ಬಸ್ಸು ಹತ್ತಿದರು. ಮಾರನೆಯ ಮುಂಜಾನೆ ಗಿರಿಜಾ ಬಾಣಂತಿಯನ್ನು ನೋಡಲು ಹೊರಟಾಗ ಅವನೇ ಗಾಲಿಗೆ ಗಾಳಿ ಹೊಡೆದುಕೊಟ್ಟ. ನೆಲ ಒಣಗಿತ್ತು. ಓಣಿಯ ತುದಿಯವರೆಗೂ ಆಕೆಯ ಗಂಟೆ ಕೇಳಿತು. ಬೇಕಿಲ್ಲದಿದ್ದರೂ ಬಾರಿಸುತ್ತಿದ್ದಳು.

ಈಗ ಸೈಕಲ್ ಮನೆಯಲ್ಲಿದ್ದಾಗ ಎತ್ತಿನ ಕಂಬಕ್ಕೆ ಬಿಗಿದಿರುತ್ತದೆ. ನಾಲ್ಕು ಮಂದಿ ಬಂದರೂ ಎತ್ತಲಾಗದು. ಹುಸೇನಬಿ ಬಂದು ಸರಪಳಿ ಎಳೆದು ನೋಡಿದಳು. ನನ್ನನ್ನು ನೋಡಿದಳು.

"ಅಲ್ಲಕ್ಕಾ, ಎಲಿ ಅಡಿಕಿ ತಂದಾಂವ ಇನ್ನ ಏನ್ ಹೊತ್ಕೊಂಡು ಹೋಗ್ಬೇಕು? ಸಿಟ್ಟಿಗೆದ್ದು ನರ್ಸಬಾಯಿನ್ನ ಹೆಗಲ ಮ್ಯಾಲೆ ಕುಂಡರಿಸ್ಕೊಂಡು ಹೋದಾನು!"

ನಗಬೇಡಿ. ಫಕೀರಪ್ಪನಂಥವರಿಗೆ ಅದೇನೂ ದೊಡ್ಡದಲ್ಲ. ಮನೆಯ ಸಾಮಾನಿನ ಪಾಲಿಸಿಯಲ್ಲಿ ಸೊಸೆ ಬರುತ್ತಾಳೋ ಇಲ್ಲವೋ, ನಿಮಗೆ ಯಾರಿಗಾದರೂ ಗೊತ್ತೇ?