ಶಬಾನಾ ಮನೆಯ ಮಸೂರ

ಊಟಕ್ಕೆ ಕೂತು ಅನ್ನದ ಮೇಲೆ ಮೊಸರು ಹಾಕಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಮಗಳು ಸ್ಫೂರ್ತಿ ಥಟ್ಟನೆ ನನ್ನ ಕೈ ಹಿಡಿದು, “ಅಪ್ಪಾ, ಎಲ್ಲಾ ಹಾಕ್ಕೋಬ್ಯಾಡ. ಒಂದ್ ಚಮಚ ಉಳಸು. ಶಬಾನಾ ಖಾಲಾನ ಮನ್ಯಾಗ ನೋಡಾಕ ಬೇಕು,” ಎಂದಳು. ಮೊಸರನ್ನು ಉಣ್ಣುವುದು ಗೊತ್ತು, ಕಡೆಯುವುದು ಗೊತ್ತು. ಪಕ್ಕದ ಮನೆಗೆ ಒಯ್ದು ನೋಡುವುದೆಂದರೇನು ಎಂದು ಕೇಳಿದೆ. ನನ್ನ ಅಜ್ಞಾನಕ್ಕೆ ಮರುಗುವವಳಂತೆ ಅವಳು ಹೇಳಿದಳು: “ಅದ್ರಾಗ ಜೀವ ಇರ್ತಾವಂತ. ಖಾಲಾ ಹೇಳ್ಯಾಳ.”

ಆ ಮಾತು ನನಗೆ ಯಾಕೆ ಮುಳ್ಳಿನಂತೆ ನಟ್ಟಿತು ಎಂಬುದು ನಿಮಗೆ ತಿಳಿಯಬೇಕಾದರೆ ನನ್ನ ಕಸುಬನ್ನು ಹೇಳಬೇಕು. ನಾನು ರಾಣೆಬೆನ್ನೂರಿನ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ, ಮೂತ್ರ, ಕಫಗಳನ್ನು ಪರೀಕ್ಷಿಸುವ ಟೆಕ್ನಿಶಿಯನ್. ಹದಿನೆಂಟು ವರ್ಷಗಳಿಂದ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಬಗ್ಗಿ ನನ್ನ ಕುತ್ತಿಗೆಯೇ ಒಂದಿಷ್ಟು ಮುಂದಕ್ಕೆ ವಾಲಿದೆ. ಮೊಸರಿನೊಳಗಿನ ಜೀವಗಳ ಹೆಸರು, ಆಕಾರ ಎರಡೂ ನನಗೆ ಗೊತ್ತು. ಅವುಗಳಿಗಿಂತ ಎಷ್ಟೋ ಕ್ರೂರವಾದವುಗಳನ್ನು ದಿನವೂ ಹೆಸರು ಹಿಡಿದು ಗುರುತಿಸಿ ಸಹಿ ಹಾಕುತ್ತೇನೆ. ಅಂಥ ನನ್ನ ಮಗಳು ಜೀವಜಗತ್ತಿನ ಸುದ್ದಿಯನ್ನು ರವಿಕೆ ಹೊಲಿಯುವ ನೆರೆಯಾಕೆಯ ಬಾಯಿಂದ ಕೇಳಿ ಬರುತ್ತಿದ್ದಳು!

ಶಬಾನಾಳ ಗಂಡ ದಿನವೂ ರೈಲಿನಲ್ಲಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ಪೇಟೆಯಲ್ಲಿ ತೂಕದ ಕೆಲಸ ಮಾಡುವ ಮೌನಿ. ಆಕೆ ಬೀದಿಗೆಲ್ಲ ಕೇಳುವಂತೆ ನಗುವ ಹೆಂಗಸು, ಓಣಿಯ ಮಕ್ಕಳಿಗೆಲ್ಲ ಖಾಲಾ, ಎಂದರೆ ಚಿಕ್ಕಮ್ಮ. ಎಲ್ಲಿಂದಲೋ ಒಂದು ಪುಟ್ಟ ಮಸೂರ ತರಿಸಿದ್ದಳು, ಮೊಬೈಲಿನ ಕ್ಯಾಮೆರಾಕ್ಕೆ ಸಿಕ್ಕಿಸುವಂಥದು. ಸೂಜಿಗೆ ದಾರ ಪೋಣಿಸಲು ಅನುಕೂಲವಾದೀತೆಂದು ಕೊಂಡದ್ದಂತೆ. ಒಂದು ದಿನ ಅದು ಆಕಸ್ಮಿಕವಾಗಿ ಗಂಡ ತಂದಿಟ್ಟ ಬ್ಯಾಡಗಿ ಮೆಣಸಿನಕಾಯಿಯ ಮೇಲೆ ಹೋಗಿ, ಅದರ ಸುಕ್ಕುಗಳೆಲ್ಲ ಕೆಂಪು ಗುಡ್ಡಗಳೂ ಕಣಿವೆಗಳೂ ಆಗಿ ಪರದೆಯ ಮೇಲೆ ಎದ್ದು ನಿಂತವು. ಅಂದಿನಿಂದ ಆಕೆಯ ಹೊಲಿಗೆ ಯಂತ್ರದ ಸುತ್ತ ಓಣಿಯ ಹುಡುಗರ ತಲೆಗಳು. ತುಳಸಿ ಎಲೆಯ ರೋಮ, ಇರುವೆಯ ದವಡೆ, ಮೇಡ್ಲೇರಿಯ ತವರಿನಿಂದ ಬಾಟಲಿಯಲ್ಲಿ ತಂದ ಕಾಲುವೆಯ ನೀರು, ಎಲ್ಲವೂ ಅಲ್ಲಿ ದರ್ಶನಕ್ಕೆ ಸಾಲುಗಟ್ಟಿದವು.

ಮಸೂರಕ್ಕೂ ಮತ್ಸರಕ್ಕೂ ಅಕ್ಷರದಲ್ಲಿ ಅಷ್ಟೇನೂ ದೂರವಿಲ್ಲ, ಗೆಳೆಯರೇ. ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಗುಣ ಎರಡಕ್ಕೂ ಉಂಟು. ಸ್ಫೂರ್ತಿ ಶಾಲೆಯಿಂದ ಬಂದು ಚೀಲ ಎಸೆದು ಆ ಮನೆಗೆ ಓಡುವುದು ಮೊದಲು ನನಗೆ ಕಾಣುತ್ತಲೇ ಇರಲಿಲ್ಲ. ಈಗ ಅವಳ ಒಂದೊಂದು ಹೆಜ್ಜೆಯೂ ಕೇಳಿಸತೊಡಗಿತು. “ಕಾಲುವಿ ನೀರು ಮುಟ್ಟಬ್ಯಾಡ, ಬ್ಯಾನಿ ಬರ್ತಾವು,” ಎಂದು ಗದರಿದೆ. ಅದು ಆರೋಗ್ಯದ ಕಾಳಜಿಯೆಂದು ಹೆಂಡತಿ ನಂಬಿದಳು, ನಾನೂ ಅರ್ಧ ನಂಬಿದೆ.

ಒಂದು ಸಂಜೆ ಮಗಳನ್ನು ಕರೆಯುವ ನೆಪದಲ್ಲಿ ನಾನೇ ಹೋದೆ. ಬಾಗಿಲಲ್ಲಿ ನಿಂತರೆ ಐದಾರು ಮಕ್ಕಳು ಉಸಿರು ಬಿಗಿಹಿಡಿದು ಮೊಬೈಲು ನೋಡುತ್ತಿದ್ದರು. ನೀರ ಹನಿಯಲ್ಲಿ ಕಪ್ಪು ಅಂಚಿನ, ಹೊಳೆಯುವ ದುಂಡನೆಯದೊಂದು ಮೆಲ್ಲಗೆ ಸರಿಯುತ್ತಿತ್ತು. “ತತ್ತಿ ಇರಬೇಕ್ ನೋಡ್ರಿ,” ಎಂದು ಶಬಾನಾ ಪಿಸುಗುಟ್ಟಿದಳು, “ಒಳಗ ಮರಿ ಇದ್ದಂಗ ಐತಿ.” ಸ್ಫೂರ್ತಿ ಆಕೆಯ ಭುಜಕ್ಕೆ ಗಲ್ಲ ಊರಿದ್ದಳು. ನನ್ನ ಭುಜಕ್ಕೆ ಅವಳು ಹಾಗೆ ಗಲ್ಲ ಊರಿ ಎಷ್ಟು ದಿನವಾಯಿತೆಂದು ಲೆಕ್ಕ ಹಾಕಲು ಹೋಗಿ ಸೋತೆ.

“ತತ್ತೀನೂ ಅಲ್ಲ, ಮರೀನೂ ಅಲ್ಲ,” ಎಂದೆ. ಧ್ವನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. “ಅದು ಗಾಳಿ ಗುಳ್ಳಿ. ಲ್ಯಾಬಿಗೆ ಸೇರಿದ ಮೊದಲನೇ ದಿನ ಕಲಿಸ್ತಾರ ಇದನ್ನ. ಗೊತ್ತಿಲ್ಲದ್ದನ್ನ ಹುಡುಗರಿಗೆ ಹೇಳಬಾರದು.”

ಮಕ್ಕಳ ಮುಖಗಳು ಒಮ್ಮೆಲೇ ಆರಿದವು. ಶಬಾನಾ ಮಾತ್ರ ನಾಚಲಿಲ್ಲ, ಮುನಿಯಲಿಲ್ಲ. “ಹೌದೇನ್ರಿ ಅಣ್ಣಾರ? ಚಲೋ ಆತು ಬಿಡ್ರಿ, ಹೇಳಿದ್ರಿ. ಕೇಳಿದ್ರಿಲ್ಲೋ, ಗುಳ್ಳಿಯಂತ ಅದು,” ಎಂದು ಮತ್ತೊಂದು ಹನಿ ತೊಟ್ಟಿಕ್ಕಿಸಿದಳು. ಮನೆಗೆ ಬರುವ ಹತ್ತು ಹೆಜ್ಜೆಯ ದಾರಿಯಲ್ಲಿ ಮಗಳು ನನ್ನ ಕೈ ಬಿಡಿಸಿಕೊಂಡಳು.

ಸತ್ಯ ನನ್ನ ಕಡೆಗಿತ್ತು, ಗೆದ್ದವನು ನಾನಾಗಿರಲಿಲ್ಲ. ಆದರೂ ಗೆಲ್ಲುವ ಹಟ ಬಿಡದೆ, ಲ್ಯಾಬಿನ ಯಜಮಾನರನ್ನು ಕೇಳಿ, ಮೂಲೆಯಲ್ಲಿದ್ದ ಹಳೆಯ ಸೂಕ್ಷ್ಮದರ್ಶಕವನ್ನು ಭಾನುವಾರ ಮನೆಗೆ ತಂದೆ. ಹಿತ್ತಾಳೆಯ ತಿರುಪು, ಭಾರವಾದ ಕಬ್ಬಿಣದ ಪಾದ. ಅದರ ಮುಂದೆ ಶಬಾನಾಳ ಮಸೂರ ಗೋಲಿಯಷ್ಟೂ ಇಲ್ಲ. ಮಗಳ ಎದುರಿಗೇ ಬೆರಳಿಗೆ ಸೂಜಿ ಚುಚ್ಚಿಕೊಂಡು, ಗಾಜಿನ ಮೇಲೆ ರಕ್ತದ ಹನಿಯಿಟ್ಟು, ಅದನ್ನು ಲವಣದ ನೀರಿನಲ್ಲಿ ತೆಳ್ಳಗೆ ಮಾಡಿ, ಮುಚ್ಚುಗಾಜು ಹಾಕಿ ಜೋಡಿಸಿದೆ. ಒಂದು ಕಣ್ಣು ಮುಚ್ಚಿ ಅವಳು ಕೊಳವೆಯೊಳಗೆ ನೋಡಿದಳು.

“ಇದ್ರಾಗ ಯಾವ ರೋಗ ಐತಿ ಅಪ್ಪಾ?”

“ಯಾವ ರೋಗಾನೂ ಇಲ್ಲ.”

“ಮತ್ತ ಯಾಕ ನೋಡಬೇಕು?”

ಕುಹಕವಿರಲಿಲ್ಲ ಅದರಲ್ಲಿ. ನಾನು ಮನೆಗೆ ತಂದ ಸುದ್ದಿಗಳೆಲ್ಲ ರೋಗದವೇ. ಬಂದೊಡನೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವುದು, ಮುಟ್ಟಬೇಡ ಎನ್ನುವುದು, ಇಂದು ಇಷ್ಟು ಜನಕ್ಕೆ ಡೆಂಗ್ಯೂ ಎನ್ನುವುದು. ಸೂಕ್ಷ್ಮವಾದದ್ದೆಲ್ಲ ಕೇಡಿನದು ಎಂದು ಅವಳಿಗೆ ಕಲಿಸಿದವನು ನಾನೇ. ಸ್ವಲ್ಪ ಹೊತ್ತು ತಿರುಪನ್ನು ಅತ್ತ ಇತ್ತ ತಿರುವಿ ಅವಳು ಕೇಳಿದಳು: “ಖಾಲಾನ್ನ ಕರೀಲೇನು?”

ಬೇಡ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. “ಕರಿ,” ಎಂದೆ.

ಶಬಾನಾ ಅಳತೆಯ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು ಬಂದಳು. ಹೊಸ್ತಿಲಲ್ಲಿ ಅನುಮಾನಿಸಿದಳು, ನನ್ನ ಹೆಂಡತಿ ಕೈ ಹಿಡಿದು ಒಳಗೆ ಕರೆತಂದಳು. ಆಕೆ ಬಗ್ಗಿದವಳು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

“ಅಣ್ಣಾರ, ಇವು ನಿಮ್ಮ ಮೈಯಾಗಿನವೇನ್ರಿ?”

“ಹೌದ್ರಿ.”

“ಯಾ ಅಲ್ಲಾ! ತೂತು ಹಾಕದ ಗುಂಡಿ ಇದ್ದಂಗ ಅದಾವಲ್ರಿ. ನಡುವ ಸಣ್ಣ ತಗ್ಗು. ಎಷ್ಟ್ ಅಂಗಿಗೆ ಸಾಕಾಗ್ತಾವೋ!”

ಸ್ಫೂರ್ತಿ ಆಕೆಯನ್ನು ಸರಿಸಿ ನುಗ್ಗಿ ಕಣ್ಣಿಟ್ಟಳು. “ಖರೇನ ಗುಂಡಿ! ಒಂದು ಅಡ್ಡ ಬಿದ್ದೈತಿ ನೋಡು ಖಾಲಾ, ಈಗ ಹೊಳ್ಳಿತು!” ಐದು ನಿಮಿಷದ ಹಿಂದೆ ಅವಳಿಗೆ ಏನೂ ಅಲ್ಲವಾಗಿದ್ದ ಅದೇ ಹನಿ, ನನ್ನದೇ ಹನಿ. ಅದನ್ನು ಕಾಣುವಂತೆ ಮಾಡಿದ್ದು ನನ್ನ ಯಂತ್ರವಲ್ಲ, ಆಕೆಯ ಮಾತು. ಹೊಟ್ಟೆಯ ಕಿಚ್ಚು ಆರಿತೆಂದು ಸುಳ್ಳು ಹೇಳಲಾರೆ. ಇನ್ನೂ ಒಂದಿಷ್ಟು ಉರಿಯಿತು.

ಶಬಾನಾ ನನ್ನ ಕಡೆ ತಿರುಗಿದಳು. “ಒಂದ್ ಮಾತು ಹೇಳ್ತೇನ್ರಿ, ಸಿಟ್ಟಾಗಬ್ಯಾಡ್ರಿ. ನಾ ಪಿಯುಸಿ ಸೈನ್ಸ್ ಅರ್ಧಕ್ಕ ಬಿಟ್ಟಾಕಿ. ನಿಮ್ಮ ಬಿಳಿ ಕೋಟು ತಂತಿ ಮ್ಯಾಲೆ ಒಣಗಾಕತ್ತಾಗೆಲ್ಲ ನನಗ ಹೊಟ್ಟಿ ಉರೀತಿತ್ರಿ. ಇಂಥಾದನ್ನ ದಿನಾ ನೋಡ್ತೀರಿ, ಮನಿಗೆ ಬಂದು ಒಂದಿನಾನೂ ಏನೂ ಹೇಳಂಗಿಲ್ಲ ಅಂತಾಳ ಸ್ಫೂರ್ತಿ. ಯಾಕ್ರಿ?”

ಇಷ್ಟು ದಿನ ನಾನು ಒಳಗೇ ಬಚ್ಚಿಟ್ಟುಕೊಂಡಿದ್ದಂಥ ಹೊಟ್ಟೆಕಿಚ್ಚನ್ನು ಈಕೆ ಎಷ್ಟು ಸಲೀಸಾಗಿ ಹೊರಗಿಟ್ಟಳು! “ಅವತ್ತ ಗುಳ್ಳಿ ಅಂದದ್ದು ಖರೇ ಐತ್ರಿ,” ಎಂದೆ ಕಷ್ಟಪಟ್ಟು, “ಆದ್ರ ನಾ ಅಂದ ರೀತಿ ತಪ್ಪಾತು.”

“ಗುಳ್ಳೀನೂ ಚಂದ ಇತ್ತಲ್ರಿ,” ಎಂದು ನಕ್ಕಳು.

ಆಕೆಯ ಪ್ರಶ್ನೆ ಹಾಗೇ ಉಳಿದಿತ್ತು. ಯಾರಿಗೂ ಹೇಳದ ಒಂದು ಸಂಗತಿ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಲಗೇರಿಯಿಂದ ಬಂದ ಮುದುಕಿಯೊಬ್ಬಳ ರಕ್ತದ ಹನಿಯಲ್ಲಿ ಒಂದು ಬಿಳಿ ಕಣ, ಮೈಯನ್ನು ಬೆರಳಿನಂತೆ ಚಾಚಿ, ಕೆಂಪು ಕಣಗಳ ಸಂದಣಿಯಲ್ಲಿ ದಾರಿ ಮಾಡಿಕೊಂಡು ತೆವಳುತ್ತಿತ್ತು. ಉಳಿದ ಕೆಲಸ ಮರೆತು ಅರ್ಧ ಗಂಟೆ ಅದನ್ನೇ ಹಿಂಬಾಲಿಸಿದ್ದೆ. ತಡವಾಯಿತೆಂದು ಬೈಸಿಕೊಂಡ ಮೇಲೆ ಹಾಗೆ ನೋಡುವುದನ್ನೇ ಬಿಟ್ಟಿದ್ದೆ.

“ಒಂದ್ ಸಲ ಏನಾತಂದ್ರ,” ಎಂದು ಶುರುಮಾಡಿದೆ. ಹೇಳುವ ರೂಢಿಯಿಲ್ಲದ್ದರಿಂದ ತಡವರಿಸಿದೆ, ಮುದುಕಿಯನ್ನು ಬಿಟ್ಟು ಕಣಕ್ಕೆ ಹಾರಿದೆ, ಮತ್ತೆ ಹಿಂದಕ್ಕೆ ಬಂದೆ. ಬೆರಳು ಚಾಚಿ ಅದು ತೆವಳಿದ ಬಗೆಯನ್ನು ಮೇಜಿನ ಮೇಲೆ ತೋರಿಸಿದೆ. ಎದುರಿಗೆ ಸಿಕ್ಕ ಒಂದು ಕಪ್ಪು ಚುಕ್ಕೆಯ ಮುಂದೆ ಅದು ನಿಂತಿತು ಎನ್ನುವಲ್ಲಿಗೆ ಬಂದು, ಮುಂದಿನದನ್ನು ನೆನಪಿಸಿಕೊಳ್ಳಲು ನಾನೂ ನಿಂತೆ.

ಸ್ಫೂರ್ತಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ನನ್ನ ಮುಖವನ್ನೇ ನೋಡುತ್ತಿದ್ದಳು.

“ಆಮ್ಯಾಲೆ, ಅಪ್ಪಾ?” ಎಂದಳು.