ಫ್ರಿಡ್ಜನ್ನೂ ಬರ್ಕಳಿ ಸಾ

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಪಕ್ಕದ ಮನೆಯಾಕೆ ರೇಷ್ಮೆ ಸೀರೆ ನೇಯ್ದು ಮಾರುತ್ತಿದ್ದರು. ಗಿರಾಕಿ ಕೂತ ಕೂಡಲೇ ಸೀರೆ ಬಿಚ್ಚಿ, ಮೊದಲು ಎಳೆ ತಪ್ಪಿದ ಜಾಗಕ್ಕೆ ಹೆಬ್ಬೆರಳಿಟ್ಟು ತೋರಿಸುವರು. "ಇದ್ದುದ್ನ ಇದ್ದಂಗೆ ಏಳ್ಬೇಕು ಕಣ್ರಿ" ಎನ್ನುವರು.

ಒಮ್ಮೆ ಆಕೆಯ ತೆರಿಗೆ ಬಾಕಿ ಬೆಳೆದು, ಕಟ್ಟದಿದ್ದರೆ ಸಾಮಾನು ಜಪ್ತಿ ಎಂಬ ನೋಟಿಸು ಬಂತು. ಬೀದಿಯವರೆಲ್ಲ ಹೆದರಿದೆವು. "ಒಳ್ಳೊಳ್ಳೆ ಸೀರೇನೆಲ್ಲ ನಮ್ಮನೇಲಿ ಇಟ್ಬುಡಿ" ಎಂದು ನಾನೇ ಹೇಳಿದೆ. ಆಕೆ ನಕ್ಕು ಮಗ್ಗಕ್ಕೆ ಕೂತರು. ಅಧಿಕಾರಿ ಬಂದ ದಿನ ಅವರಿಗೆ ಕಾಫಿ ಕೊಟ್ಟು, ತಾವೇ ಮುಂದೆ ನಿಂತು ಮನೆಯೆಲ್ಲ ತೋರಿಸಿದರು.

"ಫ್ರಿಡ್ಜನ್ನೂ ಬರ್ಕಳಿ ಸಾ. ಆದ್ರೆ ಒಂದ್ಸಲ ಒದ್ರೇನೇ ಬಾಗ್ಲು ತೆಗೆಯೋದು. ಈ ಫ್ಯಾನ್ನ ಕೋಲಲ್ಲಿ ತಿರುಗಿಸ್ಬೇಕು."

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಮಗ್ಗದ ಹತ್ತಿರ ಬಂದಾಗ ಮಾತ್ರ ಆಕೆ ಅರ್ಧ ನೇಯ್ದ ಸೀರೆಯ ಮೇಲೆ ಅಂಗೈಯಿಟ್ಟು ನಿಂತರು.

"ಇದು ಇಲ್ಲೇ ಇದ್ರೆ ನಿಮ್ ಬಾಕಿ ಬತ್ತದೆ ಸಾ. ತಕಂಡೋದ್ರೆ ನಿಮ್ಗೆ ಬರೀ ಮಗ್ಗ ಸಿಕ್ತದೆ."

ಅಧಿಕಾರಿ ಪೆನ್ನು ಮುಚ್ಚಿದರು. ಕಂತಿನಲ್ಲಿ ಕಟ್ಟುತ್ತೇನೆಂದು ಅರ್ಜಿ ಕೊಡಲು ಹೇಳಿ ಹೋದರು. ಅರ್ಜಿ ನಾನು ಬರೆದೆ, ಆಕೆ ಸಹಿ ಹಾಕಿದರು, ಒಪ್ಪಿಗೆಯೂ ಬಂತು. ಮಗ್ಗದ ಸದ್ದು ಬೀದಿಯಲ್ಲಿ ಮೊದಲಿನಂತೆಯೇ ಕೇಳುತ್ತಿತ್ತು.

ಕೊನೆಯ ಕಂತು ಕಟ್ಟಿ ಬಂದ ಸಂಜೆ ಆಕೆ ಫ್ರಿಡ್ಜಿಗೆ ಒದ್ದು, ಮಜ್ಜಿಗೆ ತೆಗೆದು, ನನಗೂ ಒಂದು ಲೋಟ ಬಗ್ಗಿಸಿದರು.

"ಇದ್ದುದ್ನ ಇದ್ದಂಗೆ ಏಳ್ಬೇಕು ಕಣ್ರಿ," ಎಂದರು. "ಇದೊಂದ್ನಾದ್ರೂ ಒತ್ಕಂಡೋಯ್ತಾರೆ ಅಂತ ಆಸೆ ಇತ್ತು."